ಕೊಚ್ಚೆ ನೀರಿನ ಗಾಯಕ್ಕೆ ಅವಸರದ ಹೊಲಿಗೆ

2015ರ ಡಿಸೆಂಬರ್. ಚೆನ್ನೈನಲ್ಲಿ ಅಡಯಾರ್ ನದಿ ಉಕ್ಕಿ ಜಾಫರ್‌ಖಾನ್‌ಪೇಟೆಯ ನಮ್ಮ ಬೀದಿಗೆ ನುಗ್ಗಿದ ರಾತ್ರಿ, ಪಕ್ಕದ ಮನೆಯ ಕಾಂಪೌಂಡ್ ಗೋಡೆ ನಮ್ಮ ಯಜಮಾನರ ಕಾಲಿನ ಮೇಲೆ ಕುಸಿಯಿತು. ಮೂಳೆ ಉಳಿಯಿತು, ಮೀನಖಂಡ ಸೀಳಿಹೋಯಿತು. ಕರೆಂಟಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಟಾರ್ಚ್ ಬೆಳಕಲ್ಲೇ ಗಾಯ ಒರೆಸಿ, ಬಿಗಿಯಾಗಿ ಹೊಲಿಗೆ ಹಾಕಿ, ಧನುರ್ವಾಯು ತಡೆಯುವ ಟಿಟಿ ಚುಚ್ಚಿ ಕಳಿಸಿದರು.

ನೀರು ಇಳಿಯಿತು, ಜ್ವರ ಏರಿತು. ಜನರಲ್ ಆಸ್ಪತ್ರೆಗೆ ಹೋಗೋಣ ಎಂದೆ. "ಹೊಲಿಗೆ ಬಿದ್ದಿದೆಯಲ್ಲಮ್ಮ, ಸುಮ್ಮನೆ ಗಾಬರಿ ಮಾಡ್ಕೋಬೇಡ" ಎಂದರು ಭಾವ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ತಂದುಕೊಟ್ಟರು. ಆ ಔಷಧಿ ಶೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಬೇಕು, ಅಂಗಡಿಯವರು ಹೆಸರು ಬರೆದಿಟ್ಟುಕೊಳ್ಳಬೇಕು ಎಂಬ ನಿಯಮ 2014ರಿಂದಲೇ ಇದೆ. ಕೊಟ್ಟವನೂ ಕೇಳಲಿಲ್ಲ, ತಂದವರೂ ಹೇಳಲಿಲ್ಲ. ಹಿರಿಯರೆಂದು ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕೋಣೆ ತುಂಬ ವಾಸನೆ. ಬ್ಯಾಂಡೇಜಿನ ಮೇಲೆ ಹಸಿರು ಕಲೆ. ಹೊಲಿಗೆಯ ಸುತ್ತ ಚರ್ಮ ಊದಿ ಮಿರಮಿರ ಮಿಂಚುತ್ತಿತ್ತು. ಬೆರಳು ತಾಗಿದರೆ ಅವರು ಚೀರುತ್ತಿದ್ದರು. ಮಾತು ತೊದಲುತ್ತಿತ್ತು, ನನ್ನನ್ನು ಅವರ ಅಮ್ಮನ ಹೆಸರಿನಿಂದ ಕರೆದರು. ಯಾರನ್ನೂ ಕೇಳದೆ ಆಟೋ ಹತ್ತಿಸಿ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ಜನರಲ್ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎರಡು ಹೊಲಿಗೆ ಕತ್ತರಿಸಿದ್ದೇ ತಡ, ಕೀವು ಹರಿದು ಟ್ರೇಗೆ ಬಿತ್ತು. ಆಪರೇಷನ್ ಥಿಯೇಟರಿನಲ್ಲಿ ಸತ್ತ ಮಾಂಸ ಕತ್ತರಿಸಿ ತೆಗೆದಾಗ ಒಳಗೆ ಇಟ್ಟಿಗೆಯ ಚೂರು ಸಿಕ್ಕಿತಂತೆ.

ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಕೀವನ್ನು ಕಲ್ಚರ್‌ಗೆ ಕಳಿಸಿದರು. ಸೂಡೊಮೋನಾಸ್ ಎಂದು ವರದಿ ಬಂತು. ನೀರು, ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದು. ಸೆಫಿಕ್ಸಿಮ್‌ಗೆ ಜಗ್ಗುವುದೇ ಇಲ್ಲ. ವರದಿಯಲ್ಲಿ ಔಷಧಿಗಳ ಹೆಸರಿನ ಮುಂದೆ ಸಾಲಾಗಿ 'ಆರ್'. ಅಂದರೆ ಕೆಲಸ ಮಾಡದು. ಕೆಲಸ ಮಾಡುತ್ತದೆ ಎನ್ನುವ 'ಎಸ್' ಇದ್ದದ್ದು ಕೆಲವಕ್ಕೆ ಮಾತ್ರ. ಅದರಲ್ಲೊಂದನ್ನು ರಕ್ತನಾಳಕ್ಕೆ ಕೊಟ್ಟರು. ಗಾಯವನ್ನು ತೆರೆದೇ ಇಟ್ಟು ದಿನಾ ತೊಳೆದು, ಕೆಂಪು ಮಾಂಸ ತುಂಬಿದ ಮೇಲೆ ತೊಡೆಯ ಚರ್ಮ ತೆಗೆದು ಕಸಿ ಮಾಡಿದರು. ಕಾಲು ಉಳಿಯಿತು.

ಆ್ಯಂಟಿಬಯೋಟಿಕ್‌ಗಳ ಬೇಕಾಬಿಟ್ಟಿ ಬಳಕೆಗೆ ಕಡಿವಾಣ ಹಾಕಬೇಕೆಂದು ದೇಶದ ವೈದ್ಯರು 2012ರಲ್ಲಿ 'ಚೆನ್ನೈ ಘೋಷಣೆ' ಹೊರಡಿಸಿದ್ದು ಇದೇ ಊರಿನಲ್ಲಿ. ನಮ್ಮ ಬೀದಿಯ ಅಂಗಡಿಗೆ ಅದು ಮುಟ್ಟಿರಲಿಲ್ಲ.

ಮಣ್ಣು, ಕೊಚ್ಚೆ ಸೇರಿದ ಆಳದ ಗಾಯವಾದರೆ ಮೊದಲು ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ. "ಒಳಗಿನ ಕಸವೆಲ್ಲ ಹೋಯಿತೇ, ಈಗಲೇ ಹೊಲಿಯಬೇಕೇ?" ಎಂದು ಕೇಳಿ. ಕೀವು ಕಂಡರೆ, ಔಷಧಿ ಬದಲಿಸುವ ಮುನ್ನ ಕಲ್ಚರ್ ಮಾಡಿಸುತ್ತೀರಾ ಎಂದು ಕೇಳಿ. ಜ್ವರ ಏರಿ ಮಾತು ತೊದಲಿದರೆ ಮನೆಯ ಹಿರಿಯರ ಒಪ್ಪಿಗೆಗೆ ದಯವಿಟ್ಟು ಕಾಯಬೇಡಿ.