ಬಿಡಿಭಾಗ ಬದಲಿಸಿದ ಮೇಲೂ ಹಾಲು ಕರೆಯುವ ಯಂತ್ರ ಹಿಡಿಯದಿದ್ದರೆ



ಪಲ್ಸೇಟರ್ ಕೆಟ್ಟಿತೆಂದು ಹೊಸದನ್ನು ತಂದು ಹಾಕಿದ್ದೀರಿ. ಸ್ವಿಚ್ ಒತ್ತಿದರೆ ಮೋಟಾರು ತಿರುಗುತ್ತದೆ, ಆದರೆ ಕಪ್ಪುಗಳು ಮೊಲೆತೊಟ್ಟಿಗೆ ಹಿಡಿಯುವುದಿಲ್ಲ. ಹಿಡಿದರೂ ಹಾಲು ಇಳಿಯುವುದಿಲ್ಲ. ಆಗ ಹೆಚ್ಚಿನವರು ಅಂಗಡಿಯವರನ್ನು ಬೈಯುತ್ತಾರೆ, ಇಲ್ಲವೇ ಇನ್ನೊಂದು ಬಿಡಿಭಾಗಕ್ಕೆ ದುಡ್ಡು ಹಾಕುತ್ತಾರೆ. ಸ್ವಲ್ಪ ತಾಳಿ.

ಕೆಚ್ಚಲು ತೊಳೆದಾಗಿದ್ದರೆ ಮೊದಲು ಕೈಯಿಂದ ಕರೆದುಬಿಡಿ. ಹಸು ಸೊರ ಬಿಡಲು ಕಾರಣವಾದ ಆಕ್ಸಿಟೋಸಿನ್ ಎಂಬ ಚೋದಕದ ಪ್ರಭಾವ ಇರುವುದು ಸುಮಾರು 5-6 ನಿಮಿಷ ಮಾತ್ರ. ಯಂತ್ರದೊಡನೆ ಪರದಾಡುವಷ್ಟರಲ್ಲಿ ಆ ಹೊತ್ತು ಕಳೆದು ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಯಂತ್ರವನ್ನು ಹಸುವಿನ ಮೇಲೆ ಪರೀಕ್ಷಿಸಲೂ ಬೇಡಿ. ಲೈನರ್ ಹಿಂಡಿ ಬಿಡದೆ ಬರೀ ಎಳೆಯುತ್ತಿದ್ದರೆ ತೊಟ್ಟಿನ ತುದಿಯಲ್ಲಿ ರಕ್ತ ಕಟ್ಟಿ ಊದಿಕೊಳ್ಳುತ್ತದೆ. ಕೆಚ್ಚಲು ಬಾವಿಗೆ ಅದೇ ದಾರಿ.

ಹಸುವನ್ನು ಬಿಟ್ಟ ಮೇಲೆ, ಹಾಲಿನ ಬಕೆಟ್ಟಿಗೆ ಹೋಗುವ ನಿರ್ವಾತದ ನಲ್ಲಿಯನ್ನು ಮುಚ್ಚಿ ಮೋಟಾರು ಓಡಿಸಿ, ಗೇಜಿನ ಮುಳ್ಳನ್ನು ನೋಡಿ. ಅದು ಎಂದಿನ ಜಾಗಕ್ಕೆ, ಅಂದರೆ ಹೆಚ್ಚಿನ ಯಂತ್ರಗಳಲ್ಲಿ 42ರಿಂದ 50 ಕಿಲೋಪ್ಯಾಸ್ಕಲ್‌ವರೆಗೆ, ಏರಿದರೆ ಪಂಪು ಸರಿಯಿದೆ. ದೋಷ ಬಕೆಟ್ಟಿನ ಕಡೆಗಿದೆ. ಏರದಿದ್ದರೆ ಬೆಲ್ಟು ಸಡಿಲವಾಗಿದೆಯೇ, ರೆಗ್ಯುಲೇಟರಿನಲ್ಲಿ ಕಸ ಸಿಕ್ಕಿದೆಯೇ ನೋಡಿ. ಸಂಜೆ ಕರೆಂಟು ಮಂದವಿದ್ದರೂ ಹೀಗಾಗುವುದುಂಟು; ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಈಗ ನಲ್ಲಿ ತೆರೆದು ನಾಲ್ಕೂ ಕಪ್ಪುಗಳ ಬಾಯಿ ಮುಚ್ಚಿ. ಮುಳ್ಳು ಇಳಿದುಹೋದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಹುಡುಕಾಟವನ್ನು ನಿಮ್ಮ ಕೈ ಕೊನೆಯದಾಗಿ ಆಡಿದ ಜಾಗದಿಂದಲೇ ಆರಂಭಿಸಿ. ಪಲ್ಸೇಟರ್ ಬದಲಿಸುವಾಗ ಮುಚ್ಚಳ ತೆಗೆದಿದ್ದಿರಿ, ಅದರ ರಬ್ಬರ್ ಬಳೆ ಮಡಚಿಕೊಂಡಿರಬಹುದು. ಮುಳ್ಳು ಸರಿಯಿದ್ದರೆ ಪಲ್ಸೇಟರಿಗೆ ಕಿವಿಗೊಡಿ. ನಿಮಿಷಕ್ಕೆ ಸುಮಾರು 60 ಬಾರಿ ಟಿಕ್ ಟಿಕ್ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಕೊಳವೆಗಳು ಅದಲುಬದಲಾಗಿವೆಯೇ, ಕರೆಂಟಿನ ಪಲ್ಸೇಟರ್ ಆದರೆ ತಂತಿ ಕಳಚಿದೆಯೇ ನೋಡಿ. ಸದ್ದಿದ್ದರೆ ಒಂದೊಂದೇ ಕಪ್ಪಿನೊಳಗೆ ಹೆಬ್ಬೆರಳು ಇಡಿ. ಕರು ಚೀಪಿದ ಹಾಗೆ ಹಿಂಡಿ ಬಿಡಬೇಕು. ಒಂದರಲ್ಲಿ ಮಾತ್ರ ಹಾಗಾಗದಿದ್ದರೆ ಆ ಕಪ್ಪಿನ ಸಣ್ಣ ಗಾಳಿ ಕೊಳವೆ ಕಟ್ಟಿದೆ, ಇಲ್ಲವೇ ಲೈನರ್ ತಿರುಚಿಕೊಂಡಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಭಾಗ ಕೆಟ್ಟದ್ದೇಕೆ ಎಂಬುದು. 5 ಹಸುಗಳಿರುವ ಸದಸ್ಯರೊಬ್ಬರು ಒಂದೇ ತಿಂಗಳಲ್ಲಿ ಎರಡನೆಯ ಪಲ್ಸೇಟರ್ ಹಾಕಿ, ಅದೂ ನಿಂತಾಗ ನನಗೆ ಹೇಳಿ ಕಳುಹಿಸಿದರು. ಗಾಳಿ ಕೊಳವೆ ಎಳೆದು ಮೂಸಿದೆ: ಹುಳಿ ವಾಸನೆ. ಗಾಳಿ ಮಾತ್ರ ಓಡಾಡಬೇಕಾದ ಕಡೆ ಹಾಲು! ಒಂದು ಲೈನರಿನಲ್ಲಿ ಉಗುರಿನಷ್ಟು ಸೀಳಿತ್ತು. ಅದರಿಂದ ಒಸರಿದ ಹಾಲು ಪಲ್ಸೇಟರಿಗೆ ಸೇರಿ, ಒಣಗಿ, ಅದನ್ನು ಕಚ್ಚಿ ನಿಲ್ಲಿಸುತ್ತಿತ್ತು. ಪಾಪ, ಅವರು ಎರಡು ವರ್ಷದಿಂದ ಲೈನರ್ ಬದಲಿಸಿಯೇ ಇರಲಿಲ್ಲ. ಅಷ್ಟರಲ್ಲಿ ಒಂದು ಹಸುವಿನ ಹಿಂದಿನ ತೊಟ್ಟಿನಲ್ಲಿ ಗರಣೆಗರಣೆಯಾಗಿ ಹಾಲು ಬರುತ್ತಿತ್ತು.

ರಬ್ಬರ್ ಲೈನರಿನ ಆಯುಸ್ಸು ಸಾಮಾನ್ಯವಾಗಿ 2500 ಕರೆತ. 5 ಹಸುಗಳನ್ನು ದಿನಕ್ಕೆ ಎರಡು ಹೊತ್ತು ಕರೆದರೆ 250 ದಿನಕ್ಕೆ ಅದು ಮುಗಿಯಿತು. ಬಿರುಕು ಕಂಡರೆ ಅಷ್ಟಕ್ಕೂ ಕಾಯದೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಬದಲಿಸಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.