ಹೆದ್ದಾರಿ ಬಿಟ್ಟು ಸೈಕಲ್ ತುಳಿಯಲು ದಾರಿ ಯಾವುದು?

ಪ್ರಶ್ನೆ: ಮೈಸೂರಿನಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಸೈಕಲ್ಲಿನಲ್ಲಿ ಹೋಗುವ ಆಸೆ. ಫೋನಿನ ಮ್ಯಾಪ್ ಪ್ರತಿ ಸಲವೂ ಬೆಂಗಳೂರು ಹೆದ್ದಾರಿಗೇ ಎಳೆಯುತ್ತದೆ. ಲಾರಿ, ಬಸ್ಸುಗಳ ಕಾಟವಿಲ್ಲದ ದಾರಿ ಹುಡುಕುವುದು ಹೇಗೆ?
– ಓದುಗರೊಬ್ಬರು

ಉತ್ತರ: ಫೋನಿನ ಮ್ಯಾಪ್ ಬೇಗ ತಲುಪಬೇಕಾದವರಿಗೆ ದಾರಿ ಹೇಳುತ್ತದೆ. ಬೇಗ ತಲುಪಿಸುವ ರಸ್ತೆಯಲ್ಲೇ ಎಲ್ಲರೂ ಇರುತ್ತಾರೆ. ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ, ಸೈಕಲ್ಲಿಗಂತೂ ಇಲ್ಲವೇ ಇಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿರುವುದರಿಂದ ಅಲ್ಲೂ ನೆಮ್ಮದಿಯಿಲ್ಲ. ಆದ್ದರಿಂದ ಮ್ಯಾಪ್ ನೋಡುವಾಗ ‘ಈ ದಾರಿ ಎಲ್ಲಿಗೆ ಹೋಗುತ್ತದೆ’ ಎನ್ನುವುದಕ್ಕಿಂತ ‘ಇದನ್ನು ಯಾತಕ್ಕಾಗಿ ಮಾಡಿದ್ದಾರೆ’ ಎಂದು ಕೇಳಿಕೊಳ್ಳಿ. ನೀರಿಗಾಗಿ, ಎತ್ತಿನ ಗಾಡಿಗಾಗಿ, ಒಂದೇ ಒಂದು ಊರಿಗಾಗಿ ಮಾಡಿದ ದಾರಿಯಲ್ಲಿ ಅವಸರದವರಿಗೆ ಕೆಲಸವಿಲ್ಲ.

ನಿಮ್ಮ ಸೀಮೆಯ ಭಾಗ್ಯವೆಂದರೆ ನಾಲೆಗಳು. ಮೈಸೂರಿನ ಮಗ್ಗುಲಲ್ಲಿ ಬೆಳಗೊಳ, ಪಾಲಹಳ್ಳಿ ಕಡೆಗೆ ವಿರಿಜಾ ನಾಲೆ, ಕಾವೇರಿಯ ಆಚೆ ದಡದಲ್ಲಿ ವಿಶ್ವೇಶ್ವರಯ್ಯ ನಾಲೆ. ನಾಲೆಯ ನೀರು ತಾನಾಗಿ ಹರಿಯಬೇಕಲ್ಲ? ಅದಕ್ಕೇ ದಿಬ್ಬ ಹತ್ತದೆ, ಹಳ್ಳಕ್ಕೆ ಬೀಳದೆ, ನೆಲದ ಮಟ್ಟ ಹಿಡಿದು ಸುತ್ತಿ ಸುತ್ತಿ ಹೋಗುವಂತೆ ತೋಡಿರುತ್ತಾರೆ. ಕಿಲೋಮೀಟರಿಗೆ ಅದು ಇಳಿಯುವುದು ಸಾಮಾನ್ಯವಾಗಿ ಒಂದೆರಡು ಅಡಿ ಅಷ್ಟೆ. ಪಕ್ಕದ ಏರಿಯೂ ಹಾಗೇ ಮಟ್ಟ. ದೂರ ಹೆಚ್ಚಾದರೂ ತೊಡೆಗೆ ಆಯಾಸವಿಲ್ಲ.

ಆದರೆ ಎಷ್ಟೋ ಕಡೆ ಏರಿಗೆ ತಡೆಗೋಡೆಯೇ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಕತ್ತಲಲ್ಲಿ, ಮಳೆ ಬಂದು ಏರಿಯ ಮಣ್ಣು ಜಾರುವಾಗ ಅತ್ತ ಸುಳಿಯಬೇಡಿ.

ನಾಲೆ ಇಲ್ಲದ ಕಡೆ ಕಿಲೋಮೀಟರು ಕಲ್ಲುಗಳನ್ನು ನೋಡಿ. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. 2000ದಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಸಾಮಾನ್ಯವಾಗಿ ನಾಲ್ಕು ಮೀಟರೂ ಅಗಲವಿಲ್ಲ. ಒಂದು ಊರನ್ನು ದೊಡ್ಡ ರಸ್ತೆಗೆ ಸೇರಿಸಿದರೆ ಅವುಗಳ ಕೆಲಸ ಮುಗಿಯಿತು. ಕಾರಿನವರಿಗೆ ಅಲ್ಲಿ ದಾರಿ ಮುಗಿದಂತೆ. ನಿಮಗೆ ಮುಗಿಯುವುದಿಲ್ಲ, ಊರಾಚೆಯಿಂದ ಪಕ್ಕದ ಊರಿಗೆ ಹೆಚ್ಚು ಕಡಿಮೆ ಯಾವಾಗಲೂ ಒಂದು ಬಂಡಿದಾರಿ ಇರುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಇಂಥವನ್ನು ಗುರುತಿಸಿರುತ್ತಾರೆ, ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎನ್ನುವುದು ಇದನ್ನೇ. ನಕಾಶೆಯಲ್ಲಿದ್ದದ್ದೆಲ್ಲ ನೆಲದ ಮೇಲೆ ಉಳಿದಿರುವುದಿಲ್ಲ, ಕೆಲವನ್ನು ಕಬ್ಬಿನ ಗದ್ದೆ ನುಂಗಿರುತ್ತದೆ. ಹೊರಡುವ ಮುನ್ನ ಉಪಗ್ರಹ ಚಿತ್ರದಲ್ಲಿ ಒಮ್ಮೆ ಪರೀಕ್ಷಿಸಿ. ಅದೇ ಚಿತ್ರದಲ್ಲಿ ಬೆಳ್ಳಗೆ ಬೋಳು ಬೋಳಾದ ಜಾಗ ಕಂಡರೆ ಕಲ್ಲು ಕ್ವಾರಿ ಇರಬಹುದು. ಅದರ ಸುತ್ತಲಿನ ದಾರಿ ಎಷ್ಟೇ ಸಣ್ಣದಾದರೂ ಟಿಪ್ಪರುಗಳದ್ದೇ ರಾಜ್ಯಭಾರ.

ಸುಗ್ಗಿಯ ಲೆಕ್ಕವೂ ಇರಲಿ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆ ಕಡೆಯ ಹಳ್ಳಿ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಟ್ರೈಲರುಗಳು ದಾರಿಯ ಅಗಲಕ್ಕೂ ಕಬ್ಬು ಹೇರಿಕೊಂಡು ಬರುತ್ತವೆ. ಚಳಿಗಾಲದಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿಯ ಮೇಲೆ ಸೈಕಲ್ ಓಡಿಸಲು ಹೋಗಬೇಡಿ. ಬಳ್ಳಿ ಫ್ರೀವೀಲಿಗೆ ಸುತ್ತಿಕೊಂಡರೆ ಚೈನು ಕಚ್ಚಿ ನಿಲ್ಲುತ್ತದೆ, ಆಮೇಲೆ ಒಂದೊಂದೇ ಎಳೆ ಬಿಡಿಸುತ್ತ ಕೂರಬೇಕು. ಇಳಿದು, ಅಂಚಿನಲ್ಲಿ ತಳ್ಳಿಕೊಂಡು ದಾಟಿ. ನಾಯಿ ಅಟ್ಟಿಸಿಕೊಂಡು ಬಂದರೂ ಅಷ್ಟೆ: ಇಳಿದು, ನಡುವೆ ಸೈಕಲ್ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ.

ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. ‘ಪಾಂಡವಪುರಕ್ಕೆ ಯಾವ ಕಡೆ?’ ಎಂದರೆ ‘ಹಿಂದಕ್ಕೋಗಿ ಮೇನ್ ರೋಡ್ ಹಿಡ್ಕಳಿ ಸಾರ್’ ಎನ್ನುತ್ತಾರೆ. ಹೊರಗಿನವರಿಗೆ ಒಳ್ಳೆಯ ರಸ್ತೆ ತೋರಿಸುವುದು ಮರ್ಯಾದೆ. ಅದರ ಬದಲು ಪಕ್ಕದ ಊರಿನ ಹೆಸರು ಹೇಳಿ, ‘ಅಣ್ಣಾ, ಗದ್ದೆ ಬಯಲಲ್ಲಿ ಗಾಡಿ ಹೋಗೋ ದಾರಿ ಐತಾ?’ ಎಂದು ಕೇಳಿ. ‘ಹಿಂಗೇ ಹೋದ್ರೆ ಏರಿ ಸಿಗ್ತದೆ’ ಎಂಬ ಉತ್ತರ ಬಂದರೆ ನಿಮ್ಮ ದಾರಿ ಸಿಕ್ಕಿದಂತೆ.

ಕೊನೆಗೆ, ಯೋಜನೆಯನ್ನು ಮನೆಯಿಂದ ಶುರುಮಾಡಬೇಡಿ, ದಾಟುವ ಜಾಗಗಳಿಂದ ಶುರುಮಾಡಿ. ನಿಮ್ಮ ಪ್ರಯಾಣಕ್ಕೆ ಅಡ್ಡ ಬರುವುದು ಮೂರೇ: ಹೆದ್ದಾರಿ, ರೈಲು ಹಳಿ, ಕಾವೇರಿ. ಹೆದ್ದಾರಿಯನ್ನು ಯಾವ ಅಂಡರ್‌ಪಾಸಿನಲ್ಲಿ, ಹಳಿಯನ್ನು ಯಾವ ಗೇಟಿನಲ್ಲಿ, ಹೊಳೆಯನ್ನು ಯಾವ ಸೇತುವೆಯಲ್ಲಿ ದಾಟುತ್ತೀರಿ ಎನ್ನುವುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಮೂರು ಚುಕ್ಕೆಗಳ ನಡುವೆ ಏರಿ, ಬಂಡಿದಾರಿಗಳನ್ನು ಜೋಡಿಸಿ. ಹತ್ತಿಪ್ಪತ್ತು ನಿಮಿಷ ದೊಡ್ಡ ರಸ್ತೆ ತಪ್ಪದಿದ್ದರೂ ಬೇಸರ ಬೇಡ, ಅಷ್ಟನ್ನು ಬೆಳಗಿನ ಆರೂವರೆಯ ಆಸುಪಾಸಿನಲ್ಲೇ ಮುಗಿಸಿಬಿಡಿ.