ಮುಪ್ಪಿನಲ್ಲಿ ಉಬ್ಬಸ

ಮನೆಯ ಹಿರಿಯರು ನಡುರಾತ್ರಿಯಲ್ಲಿ ಕೆಮ್ಮುತ್ತ ಎದ್ದು ಕುಳಿತರೆ 'ವಯಸ್ಸಾಯಿತಲ್ಲ' ಎಂದು ನಾವು ಮಗ್ಗುಲು ಬದಲಿಸುತ್ತೇವೆ. ಅವರೂ ಹಾಗೆಯೇ ತಿಳಿದು ಸುಮ್ಮನಿರುತ್ತಾರೆ. ಆದರೆ ಉಬ್ಬಸವು ಮುಪ್ಪಿನ ಸಹಜ ಲಕ್ಷಣವಲ್ಲ, ಅದೊಂದು ರೋಗ. ಅರುವತ್ತು ದಾಟಿದ ಮೇಲೆ ಮೊದಲ ಬಾರಿಗೆ ತಲೆದೋರುವುದೂ ಉಂಟು. ಶ್ವಾಸನಾಳಗಳ ಒಳಪದರವು ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ಕಫ ತುಂಬಿ ಉಸಿರಿನ ದಾರಿ ಕಿರಿದಾಗುತ್ತದೆ. ಸೌದೆಯೊಲೆಯ ಹೊಗೆ, ಧೂಳು, ಪಾರ್ಥೇನಿಯಂ ಗಿಡದ ಪರಾಗ ಇವು ಅದನ್ನು ಕೆರಳಿಸುತ್ತವೆ.

ಹಳ್ಳಿಗಳಲ್ಲಿ, ಪಟ್ಟಣಗಳಲ್ಲಿಯೂ ಸಹ, ಇನ್‌ಹೇಲರ್ ಎಂದರೆ ಅಂಜುವವರು ಬಹಳ. ಅದು ಚಟವಾಗಿ ಅಂಟಿಕೊಳ್ಳುವುದೆಂಬ ಅವರ ನಂಬಿಕೆ ನಿರಾಧಾರವಾದುದು. ಗುಳಿಗೆಯು ರಕ್ತದೊಡನೆ ಮೈಯೆಲ್ಲ ಸುತ್ತಬೇಕು. 1956ರಲ್ಲಿ ಬಳಕೆಗೆ ಬಂದ ಈ ಪುಟ್ಟ ಸಾಧನವಾದರೋ ಅಲ್ಪ ಪ್ರಮಾಣದ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ಮುಟ್ಟಿಸುತ್ತದೆ. ಒತ್ತುವುದೂ ಉಸಿರೆಳೆಯುವುದೂ ಒಟ್ಟಿಗೆ ನಡೆಯಬೇಕು. ಸಂಧಿವಾತದಿಂದ ಸೆಡೆತ ಬೆರಳುಗಳಿಗೆ ಇದು ಸುಲಭವಲ್ಲ. ಅಂಥವರಿಗೆ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿಕೊಡಬಹುದು. ಮೊಮ್ಮಕ್ಕಳು ಬಳಿ ನಿಂತು ಒತ್ತಿಕೊಟ್ಟರೆ ಇನ್ನೂ ಲೇಸು.

ಮತ್ತೊಂದು ಸಂಗತಿ ಎಷ್ಟೋ ಜನಕ್ಕೆ ತಿಳಿಯದು. ಗ್ಲಾಕೋಮಾ ಎಂಬ ಕಣ್ಣಿನ ಬೇನೆಗೆ ಹಾಕುವ ಟಿಮೋಲಾಲ್ ಹನಿಯೂ ಉಬ್ಬಸವನ್ನು ಕೆರಳಿಸಬಲ್ಲದು. ಕಣ್ಣಿನ ವೈದ್ಯರಲ್ಲಿ ಎದೆಯ ಮಾತೇಕೆ ಎಂದು ಹಿರಿಯರು ಹೇಳದೆ ಬಂದುಬಿಡುತ್ತಾರೆ. ಜೊತೆಗೆ ಹೋದವರಾದರೂ ಹೇಳಬೇಕು. ಮಾತನಾಡಲಾರದಷ್ಟು ಏದುಸಿರು ಬಂದು ತುಟಿಗಳು ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು.